ಮಗುವಿನ ಕುತ್ತಿಗೆಯಲ್ಲಿ ಕೈಗೆ ಸಿಗೋ ಸಣ್ಣ ಗಂಟು: ಯಾವಾಗ ಕಾಯ್ಬೇಕು, ಯಾವಾಗ ಓಡ್ಬೇಕು

ತಲೆಗೆ ಎಣ್ಣೆ ಹಚ್ಚೋವಾಗ್ಲೋ, ಜಡೆ ಹಾಕೋವಾಗ್ಲೋ, ಸ್ನಾನ ಮಾಡಿಸಿ ಟವಲ್ಲಲ್ಲಿ ಒರೆಸೋವಾಗ್ಲೋ ಅಮ್ಮನ ಬೆರಳಿಗೆ ಏನೋ ತಗಲುತ್ತೆ. ಕಿವಿ ಹಿಂದೆ, ಇಲ್ಲಾ ದವಡೆ ಕೆಳಗೆ, ಇಲ್ಲಾ ಹಿಂದೆ ಕೂದಲು ಮುಗಿಯೋ ಜಾಗದಲ್ಲಿ. ಕಡಲೆಕಾಳಿನಷ್ಟಿರುತ್ತೆ, ಒತ್ತಿದ್ರೆ ಬೆರಳ ಕೆಳಗೇ ಜಾರುತ್ತೆ, ನೋವಾಗುತ್ತಾ ಕಂದ ಅಂದ್ರೆ ಇಲ್ಲ ಅಂತ ಹೇಳಿ ಮಗು ಆಟಕ್ಕೆ ಓಡೋಗುತ್ತೆ. ಅವತ್ತಿಂದ ಅಮ್ಮನ ನಿದ್ದೆ ಹೋಯ್ತು ಅಂತ್ಲೇ ಲೆಕ್ಕ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡ್ಕೊಂಡು ಹುಡುಕೋಕೆ ಕೂತ್ರೆ ಮೂರನೇ ಸಾಲಲ್ಲೇ ಕ್ಯಾನ್ಸರ್ ಅನ್ನೋ ಪದ ಕಾಣುತ್ತೆ, ಅದಾದ್ಮೇಲೆ ಬೇರೆ ಏನು ಬರೆದಿದ್ರೂ ತಲೆಗೆ ಹೋಗಲ್ಲ.

ನಾನು ಡಾಕ್ಟ್ರಲ್ಲ, ಲ್ಯಾಬಲ್ಲಿ ಕೆಲಸ ಮಾಡೋಳು. ಮಕ್ಕಳ ರಕ್ತ ತೆಗೆದು, ಮಿಷನ್ನಿಗೆ ಹಾಕಿ, ಸ್ಲೈಡ್ ಮಾಡಿ, ರಿಪೋರ್ಟ್ ಕವರಲ್ಲಿ ಇಟ್ಟು ಕೊಡೋದು ನನ್ನ ಕೆಲಸ. ಈ ಗಂಟಿನ ವಿಷಯಕ್ಕೇ ಬರೋ ಅಪ್ಪ ಅಮ್ಮಂದಿರು ಎಷ್ಟು ಜನ ಅಂದ್ರೆ, ಚೀಟಿ ಕೈಗೆ ಬರೋ ಮುಂಚೆ ಅವರ ಮುಖ ನೋಡಿದ್ರೇ ಗೊತ್ತಾಗುತ್ತೆ. ಕವರ್ ಕೊಟ್ಟ ತಕ್ಷಣ ಅಲ್ಲೇ ಕೌಂಟರ್ ಮುಂದೆ ನಿಂತು ಬಿಚ್ತಾರೆ, "ಮೇಡಂ, ನಾರ್ಮಲ್ಲಾ?" ಅಂತಾರೆ. ಅದಕ್ಕೆ ನಾನು ಉತ್ತರ ಹೇಳೋ ಹಾಗಿಲ್ಲ, ಡಾಕ್ಟ್ರಿಗೆ ತೋರಿಸಿ ಅಂತಷ್ಟೇ ಹೇಳ್ಬೇಕು. ಡಾಕ್ಟ್ರು ನೋಡಿ "ಏನಿಲ್ಲ, ಲಿಂಫ್ ನೋಡ್ ಅಷ್ಟೇ, ಹೋಗುತ್ತೆ" ಅಂತ ಎರಡು ನಿಮಿಷದಲ್ಲಿ ಕಳಿಸ್ತಾರೆ. ಅವರು ಹೇಳಿದ್ದು ಸರಿನೇ ಇರುತ್ತೆ, ಆದ್ರೆ "ಏನಿಲ್ಲ" ಅನ್ನೋದು ವಿವರಣೆ ಆಗಲ್ವಲ್ಲ, ಕೈಗೆ ಗಂಟು ಸಿಕ್ತಾ ಇದೆ, ಏನಿಲ್ಲ ಅಂದ್ರೆ ನಂಬೋದು ಹೇಗೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದೀನಿ.

ನಮ್ಮ ಮೈಯಲ್ಲಿ ಸುಮಾರು 600 ಲಿಂಫ್ ನೋಡುಗಳಿವೆ, ಕನ್ನಡದಲ್ಲಿ ದುಗ್ಧಗ್ರಂಥಿ ಅಂತ ಪಾಠದ ಪುಸ್ತಕದಲ್ಲಿ ಓದಿರ್ತೀರಿ. ಅವುಗಳಲ್ಲಿ ದೊಡ್ಡ ಪಾಲು ತಲೆ ಕುತ್ತಿಗೆ ಭಾಗದಲ್ಲೇ ಇರೋದು, ಯಾಕಂದ್ರೆ ಮೂಗು, ಬಾಯಿ, ಕಿವಿ ಇವೇ ಅಲ್ವಾ ಹೊರಗಿನ ಕ್ರಿಮಿಗಳು ಒಳಗೆ ಬರೋ ದಾರಿ. ರಕ್ತನಾಳದಿಂದ ಒಸರಿ ಅಂಗಾಂಶಗಳಲ್ಲಿ ಉಳಿದ ನೀರನ್ನ ಸಣ್ಣ ಸಣ್ಣ ನಾಳಗಳು ಎಳ್ಕೊಂಡು ಹೋಗ್ತವೆ, ಅದೇ ಲಿಂಫು. ಅದು ವಾಪಸ್ ರಕ್ತಕ್ಕೆ ಸೇರೋ ಮುಂಚೆ ಈ ಗ್ರಂಥಿಗಳ ಮೂಲಕ ಸೋಸಿಕೊಂಡು ಹೋಗ್ಬೇಕು. ಶೀತದ ವೈರಸ್ಸೋ, ಹಲ್ಲಿನ ಕೀವಿನ ಬ್ಯಾಕ್ಟೀರಿಯಾನೋ ಅದರ ಜೊತೆ ಬಂದ್ರೆ ಒಳಗಿರೋ ಬಿಳಿ ರಕ್ತಕಣಗಳು, ಅಂದ್ರೆ ಲಿಂಫೋಸೈಟುಗಳು, ಅದನ್ನ ಗುರುತು ಹಿಡಿದು ಒಂದು ಎರಡಾಗಿ ಎರಡು ನಾಕಾಗಿ ಬೆಳೆಯೋಕೆ ಶುರು ಮಾಡ್ತವೆ. ಅಷ್ಟು ಕಣ ಒಂದೇ ಕಡೆ ತುಂಬಿಕೊಂಡ್ರೆ ಗ್ರಂಥಿ ಊದದೆ ಇನ್ನೇನಾಗುತ್ತೆ. ಹಾಗಾಗಿ ಕೈಗೆ ಸಿಗ್ತಿರೋ ಗಂಟು ಹೆಚ್ಚಿನ ಸಲ ರೋಗ ಅಲ್ಲ, ಬೇರೆಲ್ಲೋ ಬಂದು ಹೋದ ಇನ್ಫೆಕ್ಷನ್ನಿಗೆ ಮೈ ಕೊಟ್ಟ ಉತ್ತರ. ರಿಪೋರ್ಟಲ್ಲಿ "ರಿಯಾಕ್ಟಿವ್" ಅಂತ ಬರೆದಿರ್ತಾರಲ್ಲ, ಅದು ಇದೇ.

ಇಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಒಂದಿದೆ. ಶೀತ ವಾಸಿಯಾಗಿ ಎಷ್ಟೋ ದಿನ ಆಯ್ತು, ಮಗು ಆರಾಮಾಗಿದೆ, ಗಂಟು ಮಾತ್ರ ಯಾಕೆ ಹೋಗಿಲ್ಲ? ಊರಲ್ಲಿ ಜಾತ್ರೆ ಆಗುತ್ತಲ್ಲ, ತೇರು ಎಳೆದು ಜನ ಎಲ್ಲ ಅವರವರ ಊರಿಗೆ ಹೋದ್ರೂ ಅಂಗಡಿ ಕಂಬ, ಚಪ್ಪರ, ತೊಟ್ಟಿಲು ಬಿಚ್ಚೋಕೆ ಇನ್ನೂ ಎಷ್ಟೋ ದಿನ ಬೇಕಾಗುತ್ತೆ, ಹಂಗೇ ಇದು. ಬೆಳೆದ ಕಣಗಳು ಕಮ್ಮಿಯಾಗಿ ಗ್ರಂಥಿ ಮೊದಲಿನ ಸೈಜಿಗೆ ಬರೋಕೆ ವಾರಗಳು, ಕೆಲವು ಸಲ ತಿಂಗಳುಗಳೇ ಹಿಡೀತವೆ. ಅಷ್ಟರಲ್ಲಿ ಮಗು ಇನ್ನೊಂದು ಶೀತ ಹಚ್ಕೊಂಡು ಬಂದಿರುತ್ತೆ. ಅಂಗನವಾಡಿಗೋ ಪ್ಲೇ ಸ್ಕೂಲಿಗೋ ಹೊಸದಾಗಿ ಸೇರಿದ ಮಗುಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತ ಕೆಮ್ಮು ಬರೋದು ಮಾಮೂಲಿ, ಅಂದ್ರೆ ಒಂದರ ಗಂಟು ಇಳಿಯೋ ಮುಂಚೆ ಇನ್ನೊಂದು ಬಂದು ಮತ್ತೆ ಏರಿಸಿರುತ್ತೆ. ಅಮ್ಮನಿಗೆ ಕಾಣೋದು "ಆರು ತಿಂಗಳಿಂದ ಹಂಗೇ ಇದೆ" ಅಂತ.

ಇನ್ನೊಂದು ವಿಷಯ. ಈ ಗ್ರಂಥಿ, ಟಾನ್ಸಿಲ್, ಮೂಗಿನ ಹಿಂದಿರೋ ಅಡಿನಾಯ್ಡ್ ಇವೆಲ್ಲ ಮಕ್ಕಳಲ್ಲಿ ದೊಡ್ಡೋರಿಗಿಂತ ಜಾಸ್ತಿನೇ ಇರ್ತವೆ. ಅಮೆರಿಕದ ಸ್ಕ್ಯಾಮನ್ ಅನ್ನೋರು 1930ರಲ್ಲೇ ಒಂದು ಗ್ರಾಫ್ ಕೊಟ್ಟಿದ್ರು, ಮೈಯ ಬೇರೆ ಬೇರೆ ಭಾಗ ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತೆ ಅಂತ. ಅದರ ಪ್ರಕಾರ ಈ ಲಿಂಫ್ ಅಂಗಾಂಶ ಹತ್ತು ಹನ್ನೆರಡು ವಯಸ್ಸಿನ ಹೊತ್ತಿಗೆ ದೊಡ್ಡೋರಲ್ಲಿ ಇರೋದರ ಹತ್ತಿರ ಹತ್ತಿರ ಎರಡರಷ್ಟಾಗಿ ಆಮೇಲೆ ಇಳ್ಕೊಂಡು ಹೋಗುತ್ತೆ. ಅದಕ್ಕೇ ಅಪ್ಪನ ಕುತ್ತಿಗೆ ಮುಟ್ಟಿದ್ರೆ ಏನೂ ಸಿಗಲ್ಲ, ಮಗಳ ಕುತ್ತಿಗೆ ಮುಟ್ಟಿದ್ರೆ ಸಿಗುತ್ತೆ. ಚೆನ್ನಾಗಿರೋ ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ ಕುತ್ತಿಗೆ ಮುಟ್ಟಿ ನೋಡಿದ್ರೆ ಮೂವರಲ್ಲಿ ಒಬ್ಬರಿಗಾದ್ರೂ ಒಂದೋ ಎರಡೋ ಸಿಕ್ಕೇ ಸಿಗುತ್ತೆ. ತೆಳ್ಳಗಿರೋ ಮಕ್ಕಳಲ್ಲಿ ಇನ್ನೂ ಸಲೀಸು, ತಲೆ ತಿರುಗಿಸಿದ್ರೆ ಕಣ್ಣಿಗೇ ಕಾಣುತ್ತೆ.

ಈಗ ಗಂಟು ಎಲ್ಲಿದೆ ಅನ್ನೋದಕ್ಕೆ ಬರೋಣ, ನನಗೆ ಇದೇ ಎಲ್ಲಕ್ಕಿಂತ ಉಪಯೋಗದ ಭಾಗ ಅನ್ಸುತ್ತೆ, ಯಾಕಂದ್ರೆ ಪ್ರತಿ ಗ್ರಂಥಿಗೂ ಒಂದೊಂದು ಏರಿಯಾ ಇದೆ, ಆ ಏರಿಯಾದ ಲಿಂಫ್ ಅಲ್ಲಿಗೇ ಬರೋದು, ಹಾಗಾಗಿ ಗಂಟು ನೋಡಿ ಮೂಲ ಹುಡುಕಬಹುದು. ದವಡೆ ಮೂಳೆ ಕಿವಿ ಕೆಳಗೆ ತಿರುಗುತ್ತಲ್ಲ, ಆ ಮೂಲೆಯಲ್ಲಿ ಸಿಕ್ಕಿದ್ರೆ ಗಂಟಲು ಮತ್ತೆ ಟಾನ್ಸಿಲ್ ಕಡೆ ನೋಡ್ಬೇಕು, ಮಕ್ಕಳಲ್ಲಿ ತುಂಬಾ ಸಾಮಾನ್ಯ ಇದೇನೆ. ದವಡೆಯ ಅಡಿಭಾಗದಲ್ಲಿ, ಗದ್ದದ ಕೆಳಗಿದ್ರೆ ಬಾಯಿ ತೆಗೆಸಿ ಟಾರ್ಚ್ ಹಾಕಿ ಹಲ್ಲು ನೋಡಿ. ಹುಳುಕು ಹಲ್ಲು, ವಸಡಲ್ಲಿ ಕೀವು, ಬಾಯಿ ಹುಣ್ಣು ಏನಾದ್ರೂ ಇರುತ್ತೆ. ಹಾಲು ಹಲ್ಲು ತಾನೇ, ಬಿದ್ದೋಗುತ್ತೆ ಬಿಡು ಅಂತ ನಮ್ಮಲ್ಲಿ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋದೇ ಕಮ್ಮಿ, ಆದ್ರೆ ಆ ಹಲ್ಲಿನ ಬೇರಲ್ಲಿ ಕೀವು ಇರೋವರೆಗೂ ಗಂಟು ಇಳಿಯಲ್ಲ, ಯಾವ ಸಿರಪ್ ಕುಡಿಸಿದ್ರೂ ಅಷ್ಟೇ.

ತಲೆ ಹಿಂಭಾಗ, ಕಿವಿ ಹಿಂಭಾಗದ ಗಂಟಿಗೆ ಮೂಲ ಹೆಚ್ಚಾಗಿ ನೆತ್ತಿ ಕಡೆ ಇರುತ್ತೆ. ಇಲ್ಲಿ ಮೊದಲ ಅಪರಾಧಿ ಹೇನು. ಹೆಣ್ಮಕ್ಕಳು ಸ್ಕೂಲಿಂದ ತರ್ತಾರೆ, ಕೆರೆದು ಕೆರೆದು ಸಣ್ಣ ಗಾಯ ಆಗುತ್ತೆ, ಗಾಯದಲ್ಲಿ ಇನ್ಫೆಕ್ಷನ್ ಆಗಿ ಹಿಂದಿನ ಗ್ರಂಥಿಗಳು ಸಾಲಾಗಿ ಊದ್ಕೊಳ್ತವೆ. ಒಂದ್ಸಲ ರಕ್ತ ತೆಗೆಯೋಕೆ ಮಗೂನ ಅಜ್ಜಿ ತೊಡೆ ಮೇಲೆ ಕೂರಿಸ್ಕೊಂಡಿದ್ರು, ಅಮ್ಮ ಪಕ್ಕದಲ್ಲಿ ಕಣ್ಣೊರೆಸ್ಕೊಂಡು ನಿಂತಿದ್ರು, ಸೊಸೆ ಅಳೋದು ನೋಡೋಕಾಗ್ದೆ ಅಜ್ಜಿ ಮಗು ಕೂದಲು ಬಿಡಿಸಿ "ನೋಡಿಲ್ಲಿ, ಕಿವಿ ಹಿಂದೆಲ್ಲ ಸೀರು ತುಂಬ್ಕೊಂಡಿದೆ, ಮೊದ್ಲು ಇದನ್ನ ತೆಗಿಯೇ" ಅಂದ್ರು. ಕೂದಲಿಗೆ ಅಂಟ್ಕೊಂಡು ಎಳ್ಳಿಗಿಂತ ಸಣ್ಣ ಬಿಳಿ ಬಿಳಿ, ಉದುರಿಸಿದ್ರೂ ಉದುರ್ತಿರಲಿಲ್ಲ. ಡಾಕ್ಟ್ರೂ ಕೊನೆಗೆ ಅದನ್ನೇ ಹೇಳಿದ್ರು. ಹೇನಿಗೆ ಪರ್ಮೆಥ್ರಿನ್ ಲೋಷನ್ ಬರುತ್ತೆ, ವಾರ ಹತ್ತು ದಿನ ಬಿಟ್ಟು ಇನ್ನೊಂದ್ಸಲ ಹಾಕ್ಬೇಕು ಯಾಕಂದ್ರೆ ಸೀರು ಒಡೆದು ಹೊಸದು ಬರುತ್ತೆ, ಮನೇಲಿ ಎಲ್ಲರ ತಲೆನೂ ನೋಡ್ಬೇಕು. ಹೇನಿಲ್ಲ ಅಂದ್ರೆ ಬೇಸಿಗೆ ಕುರ ನೋಡಿ, ತಲೆ ಹೊಟ್ಟು ನೋಡಿ, ದುಂಡಗೆ ಕೂದಲು ಉದುರಿರೋ ಜಾಗ ಇದ್ಯಾ ನೋಡಿ. ದುಂಡಗೆ ಉದುರಿದ್ರೆ ಅದು ಫಂಗಸ್ ಇರಬಹುದು, ಅದಕ್ಕೆ ಬರೀ ಮುಲಾಮು ಹಚ್ಚಿದ್ರೆ ಸಾಲಲ್ಲ, ಡಾಕ್ಟ್ರು ವಾರಗಟ್ಟಲೆ ಕುಡಿಯೋ ಔಷಧಿ ಕೊಡ್ತಾರೆ.

ಕಂಕುಳಲ್ಲಿ ಬಂದ್ರೆ ಆ ಕೈ, ತೊಡೆಸಂದಿಯಲ್ಲಿ ಬಂದ್ರೆ ಆ ಕಾಲು ನೋಡಿ, ಎಲ್ಲಾದ್ರೂ ತರಚಿದ ಗಾಯ, ಉಗುರುಸುತ್ತು ಇರುತ್ತೆ. ಎಳೆ ಮಗುಗೆ ಎಡ ಕಂಕುಳಲ್ಲೇ ಬಂದ್ರೆ ಹುಟ್ಟಿದಾಗ ಎಡ ತೋಳಿಗೆ ಹಾಕಿಸಿದ ಬಿಸಿಜಿ ನೆನಪು ಮಾಡ್ಕೊಳ್ಳಿ. ಆ ಲಸಿಕೆಯಿಂದ ಕೆಲವು ಮಕ್ಕಳಿಗೆ ಮೊದಲ ಕೆಲವು ತಿಂಗಳಲ್ಲಿ ಅಲ್ಲಿ ಗಂಟು ಬರುತ್ತೆ, ಹೆಚ್ಚಿನವು ತಾನಾಗೇ ಹೋಗ್ತವೆ, ಕೀವು ತುಂಬಿ ಮೆತ್ತಗಾದ್ರೆ ಮಾತ್ರ ಡಾಕ್ಟ್ರು ಏನಾದ್ರೂ ಮಾಡ್ತಾರೆ.

ಒಂದು ಜಾಗ ಮಾತ್ರ ಬೇರೆ ಥರ. ಕುತ್ತಿಗೆ ಬುಡದಲ್ಲಿ, ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಗಂಟು ಸಿಕ್ಕಿದ್ರೆ ಸೈಜು ಎಷ್ಟೇ ಸಣ್ಣದಿರಲಿ, ಕಾಯೋದು ಬೇಡ, ಆ ವಾರದಲ್ಲೇ ತೋರಿಸಿ. ಇಡೀ ಮೈಯ ಲಿಂಫು ಕೊನೆಗೆ ರಕ್ತಕ್ಕೆ ಸೇರೋದು ಅಲ್ಲೇ ಹತ್ತಿರದಲ್ಲಿ, ಹಾಗಾಗಿ ಆ ಗಂಟಿನ ಮೂಲ ಎದೆಯೊಳಗೋ ಹೊಟ್ಟೆಯೊಳಗೋ ಇರಬಹುದು, ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಶೀತಕ್ಕೆ ಅಲ್ಲಿ ಊದೋದು ರೂಢಿಯಲ್ಲಿಲ್ಲ.

ಗಂಟು ಅಂತ ಅನ್ಸಿದ್ದೆಲ್ಲ ಲಿಂಫ್ ನೋಡೇ ಆಗಿರಬೇಕು ಅಂತೇನಿಲ್ಲ. ಕಿವಿ ಮುಂದೆ ಕೆಳಗೆ ಎರಡೂ ಸೇರಿ ಕೆನ್ನೆನೇ ದಪ್ಪ ಆಗಿ ದವಡೆ ಮೂಳೆಯ ಅಂಚೇ ಕೈಗೆ ಸಿಗದೆ ಹೋದ್ರೆ ಮಂಗನಬಾವು. ಸರ್ಕಾರಿ ಲಸಿಕೆ ಪಟ್ಟಿಯಲ್ಲಿರೋದು ದಡಾರ ಮತ್ತು ರುಬೆಲ್ಲಾದ ಎಂಆರ್, ಅದರ ಅಭಿಯಾನ 2017ರಲ್ಲಿ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕನೂ ಒಂದು, ಆದ್ರೆ ಅದರಲ್ಲಿ ಮಂಗನಬಾವಿನ ಲಸಿಕೆ ಇಲ್ಲ, ಅದು ಬೇಕಂದ್ರೆ ಪ್ರೈವೇಟಲ್ಲಿ ಎಂಎಂಆರ್ ಹಾಕಿಸ್ಬೇಕು. ಕುತ್ತಿಗೆ ಮಧ್ಯದಲ್ಲಿ, ಗಂಟಲ ಮಣಿ ಹತ್ರ ಗಂಟಿದ್ದು ಮಗು ನಾಲಿಗೆ ಚಾಚಿದ್ರೆ ಮೇಲಕ್ಕೆ ಹೋಗ್ತಿದ್ರೆ ಅದು ಹುಟ್ಟಿಂದ ಬಂದಿರೋ ಒಂದು ಚೀಲ, ಆಪರೇಷನ್ ಮಾಡಿ ತೆಗೀತಾರೆ. ಬಾಣಂತನದ ಮಗು, ಎರಡು ಮೂರು ವಾರ ಅಷ್ಟೇ ಆಗಿದೆ, ಕುತ್ತಿಗೆ ಪಕ್ಕದಲ್ಲಿ ಗಟ್ಟಿ ಉಂಡೆ ಇದೆ, ತಲೆ ಒಂದೇ ಕಡೆ ವಾಲಿಸುತ್ತೆ ಅಂದ್ರೆ ಅದು ಕುತ್ತಿಗೆ ಸ್ನಾಯು ಬಿಗಿದಿರೋದು, ಫಿಸಿಯೋಥೆರಪಿಯಲ್ಲಿ ಬಹುಪಾಲು ಸರಿ ಹೋಗುತ್ತೆ. ಎಣ್ಣೆ ಹಚ್ಚೋರ ಕೈಗೆ ಕೊಟ್ಟು ಜೋರಾಗಿ ತಿಕ್ಕಿಸಬೇಡಿ.

ಸರಿ, ಹಾಗಾದ್ರೆ ಗಾಬರಿ ಯಾವಾಗ? ಡಾಕ್ಟ್ರು ಮುಟ್ಟಿ ನೋಡೋವಾಗ ಅವರ ಬೆರಳು ಹುಡುಕೋದು ಮೂರ್ನಾಕು ವಿಷಯ. ಎಷ್ಟು ದೊಡ್ಡದು, ಕುತ್ತಿಗೆಯಲ್ಲಿ ಒಂದು ಸೆಂಟಿಮೀಟರ್ ಒಳಗಿದ್ರೆ ತಲೆಕೆಡಿಸಿಕೊಳ್ಳಲ್ಲ, ತೊಡೆಸಂದಿಯಲ್ಲಿ ಒಂದೂವರೆವರೆಗೂ ಬಿಡ್ತಾರೆ, ಎರಡು ದಾಟಿದ್ರೆ ಅವರು ಹುಬ್ಬು ಗಂಟಿಕ್ತಾರೆ. ಮೆತ್ತಗಿದ್ಯಾ ಗಟ್ಟಿಯಾ, ಕಲ್ಲಿನ ಹಾಗೋ ರಬ್ಬರಿನ ಹಾಗೋ ಇದ್ರೆ ಒಳ್ಳೇದಲ್ಲ. ಜಾರುತ್ತಾ ಇಲ್ಲಾ ಕೆಳಗೆ ಅಂಟ್ಕೊಂಡಿದ್ಯಾ. ಒಂದೊಂದೇ ಬಿಡಿಯಾಗಿದ್ಯಾ, ಎರಡು ಮೂರು ಸೇರಿ ಗೊಂಚಲಾಗಿದ್ಯಾ. ನೋವಿನ ವಿಷಯದಲ್ಲಿ ಜನ ಉಲ್ಟಾ ತಿಳ್ಕೊಂಡಿರ್ತಾರೆ. ಮುಟ್ಟಿದ್ರೆ ನೋವು, ಕೆಂಪಗಿದೆ, ಬಿಸಿ ಇದೆ ಅಂದ್ರೆ ಹೆಚ್ಚಾಗಿ ಬ್ಯಾಕ್ಟೀರಿಯಾ ಇನ್ಫೆಕ್ಷನ್, ಅದಕ್ಕೆ ಆಂಟಿಬಯೋಟಿಕ್ ಬೇಕು, ಕೀವು ತುಂಬಿದ್ರೆ ಕುಯ್ದು ತೆಗೀಬೇಕು, ಆದ್ರೆ ವಾಸಿಯಾಗುತ್ತೆ. ನೋವಿಲ್ದೆ ವಾರ ವಾರಕ್ಕೂ ದೊಡ್ಡದಾಗ್ತಾ ಹೋಗೋದನ್ನೇ ಡಾಕ್ಟ್ರು ಹೆಚ್ಚು ಗಮನಿಸೋದು.

ಇಷ್ಟಾದ್ರೂ ಗಂಟಿಗಿಂತ ಮಗೂನ ನೋಡೋದು ಮುಖ್ಯ. ಊಟ ಹೆಂಗಿದೆ, ತೂಕ ಇಳಿದಿದ್ಯಾ, ಯೂನಿಫಾರಂ ಸಡಿಲ ಆಗಿದ್ಯಾ, ಎರಡು ವಾರ ಆದ್ರೂ ಬಿಡದ ಜ್ವರ ಇದ್ಯಾ, ರಾತ್ರಿ ಫ್ಯಾನ್ ಕೆಳಗೂ ದಿಂಬು ನೆನೆಯೋ ಥರ ಬೆವರ್ತಾನಾ, ಬಿಳಿಚ್ಕೊಂಡಿದಾನಾ, ಎಲ್ಲೂ ಬೀಳದೆ ಮೈಮೇಲೆ ನೀಲಿ ಕಲೆ ಬರ್ತಿದ್ಯಾ, ವಸಡಲ್ಲಿ ರಕ್ತ, ಮೂಳೆ ನೋವು ಅಂತ ಕುಂಟೋದು, ಮಲಗಿದ್ರೆ ಉಸಿರು ಕಟ್ಟೋದು. ಇವುಗಳಲ್ಲಿ ಯಾವುದಿದ್ರೂ ಗಂಟು ಕಡಲೆಕಾಳಿನಷ್ಟಿದ್ರೂ ಕಾಯಬಾರದು, ಮಲಗಿದಾಗ ಉಸಿರು ಕಟ್ಟೋದಂತೂ ಅದೇ ದಿನ ಆಸ್ಪತ್ರೆಗೆ ಹೋಗೋ ವಿಷಯ. ಇವು ಯಾವುದೂ ಇಲ್ಲ, ಮಗು ಉಂಡು ತಿಂದು ಮನೆಯೆಲ್ಲ ಓಡಾಡ್ಕೊಂಡಿದೆ ಅಂದ್ರೆ ಡಾಕ್ಟ್ರು ನಾಕು ವಾರ ಬಿಟ್ಟು ಬನ್ನಿ ಅಂತಾರೆ. ಇನ್ನೊಂದು ಕಡೆ ಜ್ವರ ಐದು ದಿನ ಆದ್ರೂ ಇಳಿದಿಲ್ಲ, ಕಣ್ಣು ಕೆಂಪು, ತುಟಿ ಒಡೆದು ಕೆಂಪಗಿದೆ, ಮೈಮೇಲೆ ದದ್ದು, ಕುತ್ತಿಗೆಯ ಒಂದು ಕಡೆ ಗಂಟು ಅಂದ್ರೆ ಅದು ಕವಾಸಾಕಿ ಅನ್ನೋ ಕಾಯಿಲೆ ಇರಬಹುದು. ಚಿಕ್ಕ ಮಕ್ಕಳಿಗೇ ಬರೋದು, ಹೃದಯದ ರಕ್ತನಾಳಕ್ಕೆ ತೊಂದ್ರೆ ಕೊಡುತ್ತೆ, ಜ್ವರ ಶುರುವಾದ ಹತ್ತು ದಿನದೊಳಗೆ ಇಂಜೆಕ್ಷನ್ ಕೊಟ್ರೆ ಆ ಅಪಾಯ ತುಂಬಾ ಕಮ್ಮಿಯಾಗುತ್ತೆ. ಅಪರೂಪದ್ದು, ಆದ್ರೂ ತಿಳ್ಕೊಂಡಿರಿ.

ಆ ನಾಕು ವಾರದ ಬಗ್ಗೆ ಒಂದು ಮಾತು. ಬಂದೋರಲ್ಲಿ ಸುಮಾರು ಜನ ಇದನ್ನ ಡಾಕ್ಟ್ರ ಉಡಾಫೆ ಅಂದ್ಕೊಳ್ತಾರೆ, ಟೆಸ್ಟ್ ಬರೀಲಿಲ್ಲ ಅಂತ ಬೇರೆ ಡಾಕ್ಟ್ರ ಹತ್ರ ಹೋಗ್ತಾರೆ, ಅಲ್ಲಿ ಬರೆಸ್ಕೊಂಡು ನಮ್ಮ ಲ್ಯಾಬಿಗೆ ಬರ್ತಾರೆ. ನಮಗೆ ವ್ಯಾಪಾರ, ಬಿಡಿ. ಆದ್ರೆ ನಿಜ ಹೇಳ್ಬೇಕಂದ್ರೆ ನಾಕರಿಂದ ಆರು ವಾರ ಕಾಯೋದೇ ಇಲ್ಲಿ ದೊಡ್ಡ ಟೆಸ್ಟು. ರಿಯಾಕ್ಟಿವ್ ಗಂಟು ಅಷ್ಟರಲ್ಲಿ ಇಳಿಮುಖ ಆಗುತ್ತೆ, ಕೊನೇಪಕ್ಷ ಬೆಳೆಯಲ್ಲ. ಬೇರೆ ಕಾಯಿಲೆದಾದ್ರೆ ಬೆಳೆಯುತ್ತೆ, ಪಕ್ಕದಲ್ಲಿ ಇನ್ನೊಂದು ಬರುತ್ತೆ. ಮೊದಲನೇ ದಿನ ಯಾವ ಮಿಷನ್ನೂ ಹೇಳದ್ದನ್ನ ಆ ವಾರಗಳು ಹೇಳ್ತವೆ. ಕಾಯೋವಾಗ ದಿನಕ್ಕೆ ಹತ್ತು ಸಲ ಒತ್ತಿ ನೋಡೋದು ಮಾತ್ರ ಬೇಡ. ಒತ್ತಿ ಒತ್ತಿ ಆ ಜಾಗ ನೋವಾಗುತ್ತೆ, ಆಮೇಲೆ ನೋವು ಶುರುವಾಯ್ತು ಅಂತ ಇನ್ನೊಂದು ಭಯ, ಜೊತೆಗೆ ಮಗುನೂ ಕನ್ನಡಿ ಮುಂದೆ ನಿಂತು ಮುಟ್ಕೊಳ್ಳೋಕೆ ಶುರು ಮಾಡುತ್ತೆ. ವಾರಕ್ಕೊಂದ್ಸಲ, ಒಬ್ಬರೇ, ಅದೇ ಬೆರಳಲ್ಲಿ ನೋಡಿ, ಸ್ಕೇಲ್ ಪಕ್ಕ ಇಟ್ಟು ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಬರ್ಕೊಳ್ಳಿ, ಸಾಕು. ಅಮ್ಮ ಒಂದು ಹೇಳಿ ಅಪ್ಪ ಇನ್ನೊಂದು ಹೇಳಿದ್ರೆ ಡಾಕ್ಟ್ರಿಗೂ ಗೊತ್ತಾಗಲ್ಲ ದೊಡ್ಡದಾಯ್ತೋ ಇಲ್ವೋ ಅಂತ.

ಈ ಕಾಯೋ ದಿನಗಳಲ್ಲೇ ಮನೆಮದ್ದು, ಮೆಡಿಕಲ್ ಶಾಪ್ ಮದ್ದು ಎರಡೂ ಬರೋದು. ಸುಣ್ಣ ಬೆಲ್ಲ ಕಲಸಿ ಹಚ್ತಾರೆ, ಮಕ್ಕಳ ಚರ್ಮ ಸುಟ್ಟು ಬೊಬ್ಬೆ ಬಂದಿರೋದು ನೋಡಿದೀನಿ. ದೃಷ್ಟಿ ತೆಗೆದ್ರೆ ನಷ್ಟ ಇಲ್ಲ, ತೆಗೀರಿ. ಮೆಡಿಕಲ್ ಶಾಪಲ್ಲಿ ಹೇಳಿದ್ರೆ ಮೂರು ದಿನದ ಅಜಿಥ್ರೋಮೈಸಿನ್ ಕೊಡ್ತಾರೆ, ವೈರಸ್ಸಿಂದ ಬಂದ ಗಂಟಿಗೆ ಅದು ಏನೂ ಮಾಡಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಊತ ಇಳಿಯೋಕೆ ಅಂತ ಕೊಡೋ ಸ್ಟಿರಾಯ್ಡು, ಪ್ರೆಡ್ನಿಸೋಲೋನ್ ಸಿರಪ್ಪು, ಬೀಟಾಮೆಥಾಸೋನ್ ಡ್ರಾಪ್ಸು. ಹಾಕಿದ್ರೆ ಗಂಟು ನಿಜವಾಗ್ಲೂ ಇಳಿಯುತ್ತೆ, ಅದೇ ಪ್ರಾಬ್ಲಮ್ಮು. ಒಳಗಿರೋದು ರಕ್ತದ ಕ್ಯಾನ್ಸರ್ರೋ, ಲಿಂಫೋಮಾ ಅನ್ನೋ ಗ್ರಂಥಿಯ ಕ್ಯಾನ್ಸರ್ರೋ ಆಗಿದ್ರೆ ಸ್ಟಿರಾಯ್ಡಿಗೆ ಆ ಕಣಗಳು ಸ್ವಲ್ಪ ದಿನ ಕುಗ್ಗಿ ಮರೆಯಾಗ್ತವೆ, ಆಗ ಬಯಾಪ್ಸಿ ಮಾಡಿದ್ರೂ ಸರಿಯಾಗಿ ಗೊತ್ತಾಗಲ್ಲ, ಮುಂದಿನ ಟ್ರೀಟ್‌ಮೆಂಟಿಗೂ ಕಷ್ಟ ಆಗುತ್ತೆ. ಕಾರಣ ಗೊತ್ತಾಗೋ ತನಕ ಗಂಟಿಗೆ ಸ್ಟಿರಾಯ್ಡ್ ಕೊಡಲೇಬಾರದು ಅಂತ ಮಕ್ಕಳ ಡಾಕ್ಟ್ರುಗಳು ಬಡ್ಕೋತಾರೆ.

ಮೊಬೈಲಲ್ಲಿ ಹುಡುಕಿದ್ರೆ ಕ್ಯಾನ್ಸರ್ ಮೇಲೆ ಬರುತ್ತೆ, ಆದ್ರೆ ನಮ್ಮ ದೇಶದಲ್ಲಿ ವಾರಗಟ್ಟಲೆ ಹೋಗದ ಗಂಟಿಗೆ ಡಾಕ್ಟ್ರು ಮೊದಲು ಯೋಚನೆ ಮಾಡೋದು ಟಿಬಿ. ಪ್ರಪಂಚದ ಟಿಬಿ ರೋಗಿಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಭಾರತದಲ್ಲೇ ಇರೋದು, ಶ್ವಾಸಕೋಶ ಬಿಟ್ಟು ಬೇರೆ ಕಡೆ ಬರೋ ಟಿಬಿಯಲ್ಲಿ ಕುತ್ತಿಗೆ ಗ್ರಂಥಿದು ಮುಂದಿದೆ. ಹಳಬರು ಗಂಡಮಾಲೆ ಅಂತಿದ್ರಲ್ಲ, ಮಾಲೆ ಥರ ಸಾಲಾಗಿ ಬರೋದು, ಅದರಲ್ಲಿ ಬಹಳಷ್ಟು ಇದೇ ಇದ್ದಿರಬೇಕು. ನೋವಿರಲ್ಲ, ಕೆಂಪಗಿರಲ್ಲ, ಗೊಂಚಲಾಗಿ ಅಂಟ್ಕೊಂಡಿರುತ್ತೆ, ಕೆಲವು ಸಲ ಮೆತ್ತಗಾಗಿ ಒಡೆದು ಸೋರುತ್ತೆ. ಕೆಮ್ಮೇ ಇಲ್ಲದೆ ಟಿಬಿ ಹೆಂಗೆ ಬಂತು ಅಂತ ಕೇಳ್ತಾರೆ, ಗ್ರಂಥಿ ಟಿಬಿಗೆ ಕೆಮ್ಮು ಇರಲೇಬೇಕಿಲ್ಲ. ಶ್ವಾಸಕೋಶದಲ್ಲಿ ಇಲ್ಲ ಅಂದ್ರೆ ಇನ್ನೊಬ್ಬರಿಗೆ ಹರಡೋದೂ ಇಲ್ಲ ಅನ್ನಬಹುದು, ಮಗೂನ ಪ್ರತ್ಯೇಕ ತಟ್ಟೆ ಲೋಟ ಕೊಟ್ಟು ಕೂರಿಸೋ ಅಗತ್ಯ ಇಲ್ಲ. ಬದಲಿಗೆ ಮಗುಗೆ ಯಾರಿಂದ ಬಂತು ಅಂತ ಮನೆಯಲ್ಲಿ ಹುಡುಕ್ಬೇಕು, ಬಹಳ ದಿನದಿಂದ ಕೆಮ್ಮೋ ತಾತನೋ ಮಾವನೋ ಇದ್ರೆ ಅವರ ಕಫ ಟೆಸ್ಟ್ ಮಾಡಿಸ್ಬೇಕು. ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಫ್ರೀ, ಮೇಲೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ಕೊಡ್ತಿದ್ದ ತಿಂಗಳ 500 ರೂಪಾಯಿನ 2024ರ ನವೆಂಬರಿಂದ 1000 ಮಾಡಿದಾರೆ. ಹೆಣ್ಮಗು, ನಾಳೆ ಮದುವೆಗೆ ತೊಂದ್ರೆ ಆಗುತ್ತೆ, ಹೆಸರು ಬರೆಸಲ್ಲ ಅಂತ ಹಿಂದೇಟು ಹಾಕೋ ಮನೆಗಳು ಈಗಲೂ ಇವೆ, ಅದು ನನಗೆ ಈ ಇಡೀ ವಿಷಯದಲ್ಲಿ ಸಿಟ್ಟು ಬರಿಸೋ ಭಾಗ. ಟ್ರೀಟ್‌ಮೆಂಟ್ ಶುರುವಾದ್ಮೇಲೂ ಗಂಟು ಸ್ವಲ್ಪ ದಿನ ದೊಡ್ಡದಾಗಬಹುದು, ಮಾತ್ರೆ ಕೆಲಸ ಮಾಡ್ತಿಲ್ಲ ಅಂದ್ಕೊಂಡು ನಿಲ್ಲಿಸಬಾರದು, ಡಾಕ್ಟ್ರಿಗೆ ತೋರಿಸಿ.

ಇನ್ನು ನಮ್ಮ ರಿಪೋರ್ಟಿನ ವಿಷಯ, ಇದನ್ನ ಹೇಳ್ಲೇಬೇಕು. ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟು, ಅದರ ರಿಪೋರ್ಟಲ್ಲಿ ಕೆಲವು ನಂಬರ್ ಪಕ್ಕ "ಹೈ" ಅಂತ ದಪ್ಪಕ್ಷರದಲ್ಲಿ ಬಂದಿರುತ್ತೆ, ಅಪ್ಪ ಅಮ್ಮನ ಜೀವ ಅಲ್ಲೇ ಬಾಯಿಗೆ ಬರುತ್ತೆ. ಎಷ್ಟೋ ಲ್ಯಾಬಲ್ಲಿ ಮಿಷನ್ನಿಗೆ ಫೀಡ್ ಮಾಡಿರೋದು ದೊಡ್ಡೋರ ನಾರ್ಮಲ್ಲು. ದೊಡ್ಡೋರಲ್ಲಿ ಬಿಳಿ ರಕ್ತಕಣ 4000ದಿಂದ 11000, ಆದ್ರೆ ಎರಡು ಮೂರು ವರ್ಷದ ಮಗುಗೆ 14000 ಇದ್ರೂ ಸಹಜವೇ. ಲಿಂಫೋಸೈಟು ದೊಡ್ಡೋರಲ್ಲಿ ನೂರಕ್ಕೆ 20ರಿಂದ 40, ನಾಕು ವರ್ಷದ ಒಳಗಿನ ಮಕ್ಕಳಲ್ಲಿ ಅದು ಅರ್ಧಕ್ಕಿಂತ ಹೆಚ್ಚಿರೋದೇ ನಿಯಮ. ಲಿಂಫ್ ನೋಡ್ ಊದಿದೆ, ರಿಪೋರ್ಟಲ್ಲಿ ಲಿಂಫೋಸೈಟ್ ಹೈ ಅಂತ ಇದೆ, ಲಿಂಫೋಮಾ ಅಂತ ಮೊಬೈಲ್ ಹೇಳ್ತಿದೆ, ಮೂರೂ ಸೇರಿಸಿ ಆ ತಾಯಿ ಏನ್ ಅಂದ್ಕೊಬೇಕು ಹೇಳಿ. ರಿಪೋರ್ಟ್ ತಗೊಳ್ಳೋವಾಗ ಇದರಲ್ಲಿರೋ ನಾರ್ಮಲ್ ರೇಂಜ್ ಮಕ್ಕಳದ್ದಾ ಅಂತ ಕೇಳಿ, ಕೇಳೋದು ನಿಮ್ಮ ಹಕ್ಕು. ಮೈಯಲ್ಲಿ ಉರಿಯೂತ ಇದ್ಯಾ ಅಂತ ನೋಡೋ ಇಎಸ್ಆರ್ ಕೂಡ ಅಷ್ಟೇ, ರಕ್ತ ಕಮ್ಮಿ ಇದ್ರೂ ಏರುತ್ತೆ, ಶೀತಕ್ಕೂ ಏರುತ್ತೆ. ಡಾಕ್ಟ್ರು "ಪೆರಿಫೆರಲ್ ಸ್ಮಿಯರ್" ಅಂತ ಬರೆದ್ರೆ ಮಾತ್ರ ನಾವು ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಎಳೆದು ಬಣ್ಣ ಹಾಕಿ, ಪೆಥಾಲಜಿ ಡಾಕ್ಟ್ರು ಮೈಕ್ರೋಸ್ಕೋಪಲ್ಲಿ ಕಣ್ಣಲ್ಲೇ ನೋಡ್ತಾರೆ, ಕೆಟ್ಟ ಕಣ ಇದ್ರೆ ಮಿಷನ್ನಿಗಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಸಿಬಿಸಿ ನಾರ್ಮಲ್ ಬಂತು ಅಂತ ಟಿಬಿನೂ ಇಲ್ಲ ಲಿಂಫೋಮಾನೂ ಇಲ್ಲ ಅಂತ ಖಚಿತ ಆಗಲ್ಲ ಅನ್ನೋದನ್ನೂ ನೆನಪಿಡಿ, ಗಂಟು ಬೆಳೀತಿದ್ರೆ ನಾರ್ಮಲ್ ರಿಪೋರ್ಟ್ ಹಿಡ್ಕೊಂಡು ಸುಮ್ನಿರಬೇಡಿ.

ಸ್ಕ್ಯಾನಿಂಗ್ ರಿಪೋರ್ಟಲ್ಲಿ "ಮಲ್ಟಿಪಲ್ ಸಬ್‌ಸೆಂಟಿಮೆಟ್ರಿಕ್ ಲಿಂಫ್ ನೋಡ್ಸ್, ಫ್ಯಾಟಿ ಹೈಲಮ್ ಪ್ರಿಸರ್ವ್ಡ್, ಲೈಕ್ಲಿ ರಿಯಾಕ್ಟಿವ್" ಅಂತಿದ್ರೆ ಹೆದರ್ಬೇಡಿ, ಬಹಳ ಗಂಟುಗಳಿವೆ ಅನ್ನೋದು ಕೆಟ್ಟ ಸುದ್ದಿ ಅಲ್ಲ. ಎಲ್ಲ ಒಂದು ಸೆಂಟಿಮೀಟರ್ ಒಳಗಿವೆ, ಗ್ರಂಥಿಯ ಮಧ್ಯದ ಕೊಬ್ಬಿನ ಭಾಗ ಇದ್ದ ಹಾಗೇ ಇದೆ, ಅದರ ಆಕಾರ ಕೆಟ್ಟಿಲ್ಲ ಅಂತ ಅರ್ಥ. ಉದ್ದ ಜಾಸ್ತಿ ಅಗಲ ಕಮ್ಮಿ ಇದ್ರೆ ಒಳ್ಳೇದು, ಉರುಟಾಗಿ ಮಧ್ಯದ ಕೊಬ್ಬು ಕಾಣದೇ ಹೋದ್ರೆ ಮುಂದಿನ ಟೆಸ್ಟಿಗೆ ಹೋಗ್ತಾರೆ. ಟಿಬಿ ಪರೀಕ್ಷೆಗೆ ಮಾಂಟೂ ಅಂತ ಕೈಗೆ ಸಣ್ಣ ಇಂಜೆಕ್ಷನ್ ಹಾಕಿದ್ರೆ 48ರಿಂದ 72 ಗಂಟೆ ಒಳಗೆ ವಾಪಸ್ ಬಂದು ಅಳತೆ ಮಾಡಿಸ್ಬೇಕು. ಶುಕ್ರವಾರ ಹಾಕಿಸ್ಕೊಂಡು ಭಾನುವಾರ ರಜೆ ಅಂತ ಮಂಗಳವಾರ ಬರೋರಿದಾರೆ, ಆಗ ಅದು ವೇಸ್ಟು. ನೋಡೋದು ಕೆಂಪನ್ನಲ್ಲ, ಕೈಗೆ ಗಟ್ಟಿಯಾಗಿ ಸಿಗೋ ಉಬ್ಬನ್ನ.

ಕೊನೆಗೆ ಎಫ್ಎನ್ಎಸಿ ಇಲ್ಲಾ ಬಯಾಪ್ಸಿ ಅಂದ್ರೆ ಮನೆಯಲ್ಲಿ ಎಲ್ಲರೂ ಬೇಡ ಅಂತಾರೆ, ಗಂಟಿಗೆ ಸೂಜಿ ತಾಗಿಸಿದ್ರೆ ಮೈಯೆಲ್ಲ ಹರಡುತ್ತೆ ಅಂತ ಒಂದು ನಂಬಿಕೆ. ಹಾಗೆ ಆಗಲ್ಲ, ಹೆದರಿ ತಡ ಮಾಡೋದ್ರಿಂದ ಆಗೋ ತೊಂದ್ರೆನೇ ಜಾಸ್ತಿ. ಎಫ್ಎನ್ಎಸಿ ಅಂದ್ರೆ ಸಣ್ಣ ಸೂಜಿಯಲ್ಲಿ ಸ್ವಲ್ಪ ಕಣ ಎಳೆಯೋದು, ಬಯಾಪ್ಸಿ ಅಂದ್ರೆ ಒಂದು ಗ್ರಂಥಿನೇ ತೆಗೆಯೋದು, ಲಿಂಫೋಮಾ ಅನುಮಾನ ಇದ್ರೆ ಎರಡನೇದೇ ಬೇಕಾಗುತ್ತೆ. ಲ್ಯಾಬಿನೋಳಾಗಿ ಒಂದು ಕಿವಿಮಾತು: ಗ್ರಂಥಿ ತೆಗೆಯೋ ಮುಂಚೆನೇ ಡಾಕ್ಟ್ರನ್ನ "ಸರ್, ಟಿಬಿಗೂ ಒಂದು ಚೂರು ಕಳಿಸ್ತೀರಾ?" ಅಂತ ಕೇಳಿ. ತೆಗೆದಿದ್ದನ್ನ ಪೂರ್ತಿ, ಕೆಡದ ಹಾಗೆ ಇಡೋ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ರೆ ಒಳಗಿರೋ ಬ್ಯಾಕ್ಟೀರಿಯಾ ಸತ್ತೋಗುತ್ತೆ, ಆಮೇಲೆ ಕಲ್ಚರ್, ಅಂದ್ರೆ ಅದನ್ನ ಬೆಳೆಸಿ ನೋಡೋ ಟೆಸ್ಟ್, ಮಾಡೋಕೆ ಬರಲ್ಲ. ಒಂದು ಚೂರನ್ನ ಸಲೈನಲ್ಲಿ ಬೇರೆ ಬಾಟಲಿಗೆ ಹಾಕಿ ಸಿಬಿನ್ಯಾಟ್ ಅನ್ನೋ ಟಿಬಿ ಟೆಸ್ಟಿಗೆ ಮತ್ತೆ ಕಲ್ಚರಿಗೆ ಕಳಿಸಿದ್ರೆ ಟಿಬಿನಾ ಅಲ್ವಾ, ರಿಫಾಂಪಿಸಿನ್ ಅನ್ನೋ ಟಿಬಿ ಔಷಧಿಗೆ ಬಗ್ಗುತ್ತಾ ಇಲ್ವಾ ಅನ್ನೋದೂ ಗೊತ್ತಾಗುತ್ತೆ, ಮಗೂನ ಇನ್ನೊಂದ್ಸಲ ಥಿಯೇಟರಿಗೆ ಕರ್ಕೊಂಡು ಹೋಗೋದು ತಪ್ಪುತ್ತೆ. ಎರಡು ಬಾಟಲಿ ಮೇಲೂ ಮಗು ಹೆಸರು, ವಯಸ್ಸು, ಯಾವ ಜಾಗದ ಗಂಟು ಅಂತ ಬರೆದಿದಾರಾ ಅಂತ ಕೌಂಟರಲ್ಲಿ ಕೊಡೋ ಮುಂಚೆ ನೀವೇ ಒಂದ್ಸಲ ಓದ್ಕೊಳ್ಳಿ.